ಔಷಧಿ ಚೀಟಿಯ ಮೇಲೆ ಈನಸ್

ಸರ್ಕಾರದವನೊಬ್ಬ ಬಂದ ಸುದ್ದಿ ಜೆರೆಲ್ಡಾಳಿಗೆ ಮಧ್ಯಾಹ್ನದೊಳಗೇ ಮುಟ್ಟಿತು. ಔಷಧಿ ಅಂಗಡಿಯಲ್ಲಿದ್ದ 'ಗ್ರೇಲಿಂಗ್ ಶ್ವಾಸಾಮೃತ'ದ ಅಷ್ಟೂ ಬಾಟಲಿಗಳನ್ನು ಕುದುರೆಗಾಡಿಗೆ ಹೇರಿಸಿ ಮೊಹರು ಹಾಕಿಸಿದನಂತೆ. ಕ್ಷಯ ವಾಸಿಯಾಗುತ್ತದೆ ಎಂದು ಚೀಟಿಯಲ್ಲಿ ಅಚ್ಚು ಹಾಕಿಸಿದ್ದು ಸುಳ್ಳಂತೆ, ಹೊಸ ಕಾಯಿದೆಯಲ್ಲಿ ಅದು ಅಪರಾಧವಂತೆ. ಡಾಕ್ಟರುಗಳೇ ಕಾಸು ಕೊಟ್ಟು ಕಳಿಸಿದ್ದಾರೆ ಎಂದು ಒಹಾಯೊ ನದಿ ದಂಡೆಯ ಆ ಪುಟ್ಟ ಊರು ತೀರ್ಮಾನಿಸಿಬಿಟ್ಟಿತು. ಊರಿನ ಬಾಯಿಗೆ ಬೀಗ ಹಾಕುವವರಾರು?

ಮೂರು ಗಂಟೆಗೆ ಆ ಮನುಷ್ಯ ಅವಳ ಮನೆ ಬಾಗಿಲಿಗೇ ಬಂದ. ಹೆಸರು ಹಾಲ್ವರ್ಸನ್ ಅಂತೆ. ಮಾತು ಬೆಣ್ಣೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಳ್ಳುತ್ತಲೇ ಕಾಫಿ ಬಗ್ಗಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಕಪಾಟಿನತ್ತ ತಿರುಗಿದ್ದೇ ತಡ, ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಒಳಗೆ ಅದೇ ಔಷಧಿ ಅರ್ಧ ಬಾಟಲಿ ಇತ್ತು. ಮಗಳು ಐಡೆಲ್ಲಾಗೆ ಕ್ರಿಸ್‌ಮಸ್‌ನಿಂದ ಕೆಮ್ಮು. ಗುಡ್ಡದ ಮೇಲಿನ ಕ್ಷಯದಾಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದ್ದರೂ ಹುಡುಗಿ ಹೋಗಲೊಲ್ಲಳು. ಹಾಸಿಗೆ ಹಿಡಿದಿದ್ದ ಅಪ್ಪನನ್ನು ಎಬ್ಬಿಸಿದ ಔಷಧಿ ತನಗೆ ಸಾಕು ಎನ್ನುತ್ತಾಳೆ.

ಹಾಲ್ವರ್ಸನ್ ಬಾಟಲಿಗೆ ಸುತ್ತಿದ್ದ ಚೀಟಿಯೊಂದನ್ನು ಮೇಜಿನ ಮೇಲೆ ಹರಡಿದ. ಅದರಲ್ಲಿ ಅವಳ ಗಂಡ ಈನಸ್‌ನ ಚಿತ್ರ, ಕೆಳಗೆ ಅವನ ಕಾಗದ: ಕ್ಷಯದಿಂದ ಮಲಗಿದ್ದೆ, ಎಂಟು ಬಾಟಲಿಗೆ ಎದ್ದೆ, ಈಗ ದಿನವಿಡೀ ಹೊಲ ಉಳುತ್ತೇನೆ. ಇದು ನಿಜವೇ ಎಂದು ಅವನು ಕೇಳಿದ. ಸತ್ತು ಹನ್ನೊಂದು ವರ್ಷವಾದವನ ಮೇಲೆ ಸುಳ್ಳುಗಾರನೆಂದು ಹಣೆಪಟ್ಟಿ ಕಟ್ಟಲು ಬಂದಿದ್ದಾನೆ ಎಂದು ಅವಳಿಗೆ ಉರಿದುಹೋಯಿತು. ತನ್ನ ಗಂಡ ಅಂಥವನಲ್ಲ ಎಂದಳು.

ಕೆಮ್ಮುತ್ತಾ ಐಡೆಲ್ಲಾ ಒಳಗೆ ಬಂದಳು.

"ಬರೆದಿರೋದೆಲ್ಲ ನಿಜ ಸ್ವಾಮಿ. ಅಪ್ಪಂಗೆ ವಾಸಿಯಾಗಿತ್ತು. ಆಮೇಲೆ ಹೋಗಿದ್ದು ಜ್ವರದಲ್ಲಿ. ಹೇಳಮ್ಮಾ."

ಅವಳು ಕರವಸ್ತ್ರವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಇಷ್ಟು ಹೊತ್ತು ಪರವೂರಿನವನ ಮೇಲಿದ್ದ ಜೆರೆಲ್ಡಾಳ ಅನುಮಾನ ಈಗ ಆ ಮುಷ್ಟಿಯ ಮೇಲೆ ಹೋಯಿತು. ಒಂದೊಂದೇ ಬೆರಳು ಬಿಡಿಸಿ ನೋಡಿದಳು. ಬಟ್ಟೆಯ ಮೇಲೆ ಕೆಂಪು ಕಲೆ. ಜೆರೆಲ್ಡಾಳಿಗೆ ಭಯವಾಯಿತು, ತನ್ನ ಮೇಲೆಯೇ ಅಸಹ್ಯವಾಯಿತು.

"ಬರೆದಿದ್ದು ನಾನು," ಎಂದಳು. "ಅವತ್ತು ನಿಮ್ಮಪ್ಪಂಗೆ ಎದ್ದು ಕೂರೋಕೂ ಆಗ್ತಿರಲಿಲ್ಲ. ವಾಸಿಯಾಯ್ತು ಅಂತ ಕಾಗದ ಕೊಟ್ರೆ ಕಂಪನಿಯವರು ಹನ್ನೆರಡು ಬಾಟಲಿ ಪುಕ್ಕಟೆ ಕೊಡ್ತೀವಿ ಅಂದಿದ್ರು. ಅವರು ಹೋಗಿದ್ದು ಜ್ವರದಲ್ಲಲ್ಲ ಕಣೇ, ಇದೇ ಕೆಮ್ಮಲ್ಲಿ."

ಐಡೆಲ್ಲಾ ಅಪ್ಪನ ಚಿತ್ರವಿದ್ದ ಚೀಟಿಯನ್ನು ಕೈಗೆತ್ತಿಕೊಂಡಳು.

"ಸುಳ್ಳು ಅಂತ ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಆ ಹನ್ನೆರಡೂ ಕುಡಿದು ಮುಗಿಸೋಷ್ಟರಲ್ಲಿ ನಿಜ ಆಗುತ್ತೆ ಬಿಡು ಅಂತ ಸಹಿ ಹಾಕಿದ್ರು."