ಡಾಕ್ಟರ ದನಿ

ಅರ್ಧ ಹೊಲಿದ ಸೋಫಾವನ್ನು ಓರೆ ಮಾಡಿ ಬಾಗಿಲಿನಿಂದ ಹೊರಗೆಳೆಯುತ್ತಿದ್ದ ಭಾಮೈದನ ಕೈ, ಅಕ್ಕನ ಮಾತು ಕೇಳಿ ಅಲ್ಲೇ ನಿಂತಿತು.

"ಅಂಗಡಿ ಡ್ರಾಯರಲ್ಲಿ ಸಿಕ್ತು ಕಣೋ. ಶೀಟಲ್ಲಿ ಒಂದು ಮಾತ್ರೇನೂ ಒಡೆದಿಲ್ಲ. ಡಾಕ್ಟ್ರು ಫೋನ್ ಮಾಡ್ಲಿ ಅಂತ ನಿಮ್ಮ ಭಾವ ಕಾಯ್ತಾನೇ ಇದ್ರು."

ಸೋಫಾ ಆಚೆ ಹೋದರೆ ತಾನೆ ಭಾವನ ದೇಹವನ್ನು ಮಲಗಿಸಲು ಜಾಗ? ಊರವರ ಬೆನ್ನಿಗೆಲ್ಲ ಮೆತ್ತೆ ಹೊಲಿದು ತನ್ನ ಬೆನ್ನು ಹಾಳು ಮಾಡಿಕೊಂಡ ಮನುಷ್ಯ. ನಿನ್ನೆ ಸೂಜಿಗೆ ದಾರ ಪೋಣಿಸುತ್ತಲೇ ಪಕ್ಕಕ್ಕೆ ವಾಲಿದವನು ಮತ್ತೆ ಏಳಲಿಲ್ಲ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯವರು.

ಭಾಮೈದನಿಗೆ ಬೀದಿಯಲ್ಲಿ 'ಟೇಪ್‌ರೆಕಾರ್ಡರ್' ಎಂದೇ ಹೆಸರು. ಯಾರ ದನಿ ಬೇಕಾದರೂ ಹಾಗೇ ತೆಗೆಯುತ್ತಿದ್ದ.

* * *

ಬೆನ್ನಿಗೆ ಇಂಜೆಕ್ಷನ್ ಕೊಡುವ ಡಾಕ್ಟರಿಗೆ ಎರಡು ಮಾತಿಗೊಮ್ಮೆ ಗಂಟಲು ಕೆರೆಯುವ ಚಾಳಿ. ಎದೆಬಡಿತ ತಾಳ ತಪ್ಪಿದಾಗಿನಿಂದ ಭಾವನಿಗೆ ರಕ್ತ ತೆಳುವಾಗಿಸುವ ಮಾತ್ರೆ ನಡೆದಿತ್ತು. ಹೃದಯದ ಡಾಕ್ಟರನ್ನೂ ಕೇಳಿ, ಅದನ್ನು ಕೆಲವು ದಿನ ನಿಲ್ಲಿಸಲು ಇವರು ಹೇಳಿದ್ದರು.

"ಮಾತ್ರೆ ತಗೊಂಡು ಇಂಜೆಕ್ಷನ್ ಮಾಡಿಸ್ಕೊಂಡ್ರೆ ಒಳಗೆ ರಕ್ತ ಸೋರಿ ನರ ಒತ್ತಬಹುದು, ಕಾಲೇ ಹೋಗಬಹುದು. ಹಾಗಂತ ಬಿಟ್ಟೇಬಿಟ್ರೆ ತಲೆಗೆ ಅಪಾಯ. ಮತ್ತೆ ಯಾವಾಗ ಶುರು ಮಾಡ್ಬೇಕು ಅಂತ ನಾನೇ ಫೋನ್ ಮಾಡ್ತೀನಿ."

ಜೊತೆಗೆ ಹೋಗಿದ್ದ ಭಾಮೈದನಿಗೆ ಅಷ್ಟು ಸಾಕಾಯಿತು. ಸಂಜೆಯೇ ಅದೇ ಗಂಟಲು ಕೆರೆದು ಭಾವನಿಗೆ ಫೋನ್ ಮಾಡಿದ: ಇಂಜೆಕ್ಷನ್ನಿಗೆ ಮುಂಚೆ ಕಾಲನ್ನು ಗೋಡೆಗೇರಿಸಿ, ತಲೆ ಕೆಳಗೆ ಇಳಿಬಿಟ್ಟು ಸೋಫಾ ಮೇಲೆ ಮಲಗಬೇಕು. ಭಾವ ಮಲಗಿದ. ಕಿಟಕಿಯಲ್ಲಿ ಹಲ್ಲು ಕಿರಿಯುತ್ತಿದ್ದ ಭಾಮೈದನನ್ನು ತಲೆಕೆಳಗಾಗಿಯೇ ನೋಡಿ, "ನಿಮ್ಮಕ್ಕಂಗೆ ಹೇಳ್ಬೇಡ, ಮರ್ಯಾದೆ ಹೋಗುತ್ತೆ. ಇನ್ನೊಂದ್ಸಲ ನಾನು ಮೋಸ ಹೋಗಲ್ಲ ಮಗನೇ" ಎಂದ.

* * *

ತಲೆ ಕೆಳಗಾದದ್ದಕ್ಕೇ ರಕ್ತ ಇಳಿದು ಹೆಪ್ಪಾಯಿತೇ? ಡಾಕ್ಟರನ್ನು ಕೇಳಿದರೆ ತಿಳಿಯುತ್ತದೆ. ಕೇಳಿದರೆ ಅಕ್ಕನಿಗೂ ತಿಳಿಯುತ್ತದೆ. ಭಾಮೈದ ಸೋಫಾ ಹಿಡಿದು ನಿಂತಿದ್ದಾಗಲೇ ಡಾಕ್ಟರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಫೋನ್ ಮಾಡ್ತೀನಿ ಅಂದಿದ್ರಲ್ಲ ಡಾಕ್ಟ್ರೆ?" ಎಂದಳು ಅಕ್ಕ.

"ಮಾಡಿದ್ದೆನಲ್ಲಮ್ಮ, ಇಂಜೆಕ್ಷನ್ ಆದ ಮಾರನೇ ದಿನಾನೇ. ಇವತ್ತಿಂದ ಮಾತ್ರೆ ಶುರು ಮಾಡಿ ಅಂದೆ." ಡಾಕ್ಟರು ನೆಲ ನೋಡಿದರು. "ಅವರು ನಕ್ಕರು. 'ಸಾಕು ನಿಲ್ಸೋ, ಭಾಮೈದ' ಅಂದು ಇಟ್ಟುಬಿಟ್ರು. ಮನೇಲಿ ಯಾರಿಗೋ ಹೇಳ್ತಿದ್ದಾರೆ ಅಂದ್ಕೊಂಡೆ. ಮತ್ತೆ ಮಾಡ್ಬೇಕಿತ್ತು ನಾನು."

ಮೊನ್ನೆ ಬೀದಿಯಲ್ಲಿ ಸಿಕ್ಕ ಭಾವ ಸುಮ್ಮಸುಮ್ಮನೆ ಕಣ್ಣು ಹೊಡೆದು ಹೋದದ್ದು ಯಾಕೆಂದು ಭಾಮೈದನಿಗೆ ಈಗ ತಿಳಿಯಿತು. ಅಕ್ಕ ನಿಧಾನವಾಗಿ ಇತ್ತ ತಿರುಗಿದಳು. ಅವನು ಬಾಯಿ ತೆರೆದ. ಬಂದದ್ದು ಗಂಟಲು ಕೆರೆಯುವ ಸದ್ದು. ಡಾಕ್ಟರು ತಲೆಯೆತ್ತಿ ನೋಡಿದರು.

* * *

ಇಂಜೆಕ್ಷನ್ ಆದ ಮಾರನೇ ಬೆಳಗ್ಗೆ ಅಂಗಡಿಯಲ್ಲಿ ಭಾವ ಫೋನ್ ಇಟ್ಟು ನಗತೊಡಗಿದ್ದ. ಏನೆಂದು ಅಕ್ಕ ಕೇಳಿದರೆ ಹೇಳಲೂ ಆಗದಷ್ಟು ನಗು. ಮಡಿಲಿನಿಂದ ಕತ್ತರಿ ಜಾರಿ ಬಿತ್ತು. ಬಿದ್ದದ್ದನ್ನೆಲ್ಲ ವರ್ಷಗಳಿಂದ ಯಾರನ್ನಾದರೂ ಕೂಗಿ ಎತ್ತಿಸುತ್ತಿದ್ದವನು, ಅಂದು ತಾನೇ ಸಲೀಸಾಗಿ ಬಗ್ಗಿ ಎತ್ತಿಕೊಂಡ. ಅದನ್ನು ಕಂಡು ಅಕ್ಕನೂ ನಕ್ಕಳು, ಕುರ್ಚಿ ಒಯ್ಯಲು ಬಂದಿದ್ದ ಗಿರಾಕಿಯೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ಭಾವನೇ, ಕಣ್ಣಲ್ಲಿ ನೀರು ಬರುವವರೆಗೆ.