ತಮ್ಮನ ಸರ್ಟಿಫಿಕೇಟನ್ನು ನಾನು ಒಪ್ಪಿಸಿದ್ದು

ನನ್ನ ತಮ್ಮ ನರಸಿಂಹಪ್ಪನ ಡಾಕ್ಟರಿಕೆ ಕಳೆದವನು ನಾನು. ಊರಿನಲ್ಲಿ ಬೇರೆ ಬೇರೆ ಕಥೆ ಹೇಳುತ್ತಾರೆ. ರಾಯಲ್ಪಾಡಿನ ಮುನಿಶಾಮಿ ಮೇಷ್ಟ್ರು ಕಳೆದರು ಅನ್ನುವವರಿದ್ದಾರೆ, ಬೆಂಗಳೂರಿನ ಡಾಕ್ಟರುಗಳ ಮಂಡಳಿ ಕಳೆಯಿತು ಅನ್ನುವವರೂ ಇದ್ದಾರೆ. ಎಲ್ಲ ಸುಳ್ಳು. ಶ್ರೀನಿವಾಸಪುರದ ಮಾವಿನ ಮಂಡಿ ಚನ್ನರಾಯಪ್ಪ, ಕುಲದ ಯಜಮಾನ, ಎಂಟು ಊರಿಗೆ ನ್ಯಾಯ ಹೇಳುವ ದೊಡ್ಡ ಮನುಷ್ಯ, ಅಂದರೆ ಈ ನಾನೇ ಕಳೆದದ್ದು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಎಪ್ಪತ್ತೊಂಬತ್ತರ ಬೇಸಿಗೆ. ಮುನಿಶಾಮಿ ಮೇಷ್ಟ್ರು ತಮ್ಮ ಹೆಂಡತಿ ಆದಿಲಕ್ಷ್ಮಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದರು. ಕಾಲಿನ ಗಾಯ ಕೀವುಗಟ್ಟಿ ಜ್ವರ ಬಂದಿತ್ತು. ನಮ್ಮ ಮನೆಯ ಮುಂಭಾಗದಲ್ಲೇ ತಮ್ಮನ ಕ್ಲಿನಿಕ್ಕು, ಪಕ್ಕದಲ್ಲಿ ನನ್ನ ಮಂಡಿ. ಅವನು ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟ. ಐದು ನಿಮಿಷವೂ ಆಗಿರಲಿಲ್ಲ, ಆ ಹೆಣ್ಣುಮಗಳಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಮದ್ದಿನ ಮೇಲೆ ಮದ್ದು ಕೊಟ್ಟ. ಕೊನೆಗೆ ಜೀಪಿನಲ್ಲಿ ಹಾಕಿಕೊಂಡು ಕೋಲಾರಕ್ಕೆ ಹೊರಟ. ಅರ್ಧ ದಾರಿಯಲ್ಲೇ ಜೀವ ಹೋಯಿತು. ಎರಡು ದಿನ ಅವನು ಒಂದು ತುತ್ತು ಅನ್ನ ಮುಟ್ಟಲಿಲ್ಲ.

ಮೇಷ್ಟ್ರು ಮಂಡಳಿಗೆ ದೂರು ಬರೆದರು. ತಿಂಗಳಾದ ಮೇಲೆ ತಮ್ಮನಿಗೆ ಕಾಗದ ಬಂತು. ಮದ್ದು ಒಗ್ಗುತ್ತದೋ ಇಲ್ಲವೋ ಎಂದು ಮೊದಲು ಪರೀಕ್ಷೆ ಮಾಡಿದ್ದಿರಾ, ಮಾಡಿದ್ದರೆ ಸಾಕ್ಷಿ ಏನು, ಉತ್ತರ ಕೊಡಿ ಎಂದು ಅದರಲ್ಲಿತ್ತು.

"ಅಣ್ಣ, ನಾನು ಟೆಸ್ಟ್ ಡೋಸ್ ಹಾಕಿ ಅರ್ಧ ಗಂಟೆ ಕೂರಿಸಿದ್ದೆ," ಅಂದ ತಮ್ಮ. "ಪುಸ್ತಕದಲ್ಲಿ ಟೈಮ್ ಸಮೇತ ಬರ್ದಿದ್ದೀನಿ. ಏನೂ ಆಗ್ಲಿಲ್ಲ ಅಂತಾನೇ ಪೂರ್ತಿ ಕೊಟ್ಟಿದ್ದು. ಎಲ್ಲೋ ಸಾವಿರದಲ್ಲಿ ಒಬ್ರಿಗೆ ಟೆಸ್ಟಲ್ಲಿ ಗೊತ್ತಾಗಲ್ಲ. ಹೋಗಿ ಹಂಗೇ ಹೇಳ್ತೀನಿ."

"ಯಾರ್ಲಾ ಕೇಳಿದ್ರು ನಿನ್ನ ಟೈಮು?" ಎಂದು ನಾನು ಗದರಿದೆ. "ಹೆಣ ಬಿದ್ದೈತೆ. ಹೆಣದ ಮುಂದೆ ಪುಸ್ತಕ ಹಿಡ್ಕೊಂಡು ವಾದ ಮಾಡ್ತೀಯಾ? ಸರ್ಟಿಫಿಕೇಟು ಒಪ್ಪಿಸ್ಬಿಡು. ಮಾತು ಅಲ್ಲಿಗೇ ಮುಗೀತದೆ."

ನಾನು ಹಾಗಂದದ್ದಕ್ಕೆ ಕಾರಣವಿತ್ತು. ನಮ್ಮ ಕುಲದ ಪಂಚಾಯಿತಿಯಲ್ಲಿ ತಪ್ಪು ಹೊತ್ತವನು ತನ್ನ ಅಧಿಕಾರವನ್ನು ಪಂಚರ ಮುಂದೆ ಇಟ್ಟು ಕೈಮುಗಿದರೆ ವಿಚಾರಣೆ ಅಲ್ಲಿಗೆ ನಿಲ್ಲುತ್ತದೆ. ಮಾಡಿದೆಯಾ, ಮಾಡಲಿಲ್ಲವಾ ಎಂದು ಆಮೇಲೆ ಯಾರೂ ಬಾಯಿ ಬಿಡಕೂಡದು. ಮುಳಬಾಗಿಲು ಕಡೆಯ ಪೂಜಾರಿಯೊಬ್ಬ ದೇವರ ಒಡವೆ ಕಾಣೆಯಾದಾಗ ಗುಡಿಯ ಬೀಗದ ಕೈ ತಂದು ನಮ್ಮಪ್ಪನ ಮುಂದೆ ಇಟ್ಟಿದ್ದ. ಪಂಚರು ಒಂದು ಪ್ರಶ್ನೆ ಇಲ್ಲದೆ ಎದ್ದರು. ವರ್ಷ ಕಳೆದ ಮೇಲೆ ಕರೆದು ಬೀಗದ ಕೈ ವಾಪಸ್ ಕೊಟ್ಟರು. ಆದರೆ ಒಮ್ಮೆ ಒಪ್ಪಿಸಿದವನು ಮತ್ತೆ ವಿಚಾರಣೆಗೆ ಕರೆದರೆಂದು ಬಂದು ನಿಂತರೆ, ಒಪ್ಪಿಸಿದ್ದು ಸುಳ್ಳಾಗಿ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಇದನ್ನೆಲ್ಲ ಅಪ್ಪನ ಪಕ್ಕ ಕೂತು ಕಲಿತವನು ನಾನು. ಬೆಂಗಳೂರಿನಲ್ಲಿ ಕೂತ ಡಾಕ್ಟರುಗಳೂ ನಮ್ಮ ಹಾಗೇ ಮನುಷ್ಯರಲ್ಲವೇ ಅಂದುಕೊಂಡೆ.

ತಮ್ಮನ ಹೆಂಡತಿ ವೆಂಕಟರತ್ನಮ್ಮ ನನ್ನೆದುರು ಎಂದೂ ದನಿ ಎತ್ತಿದವಳಲ್ಲ. ಅವತ್ತು ಬಾಗಿಲಲ್ಲಿ ನಿಂತು, "ಭಾವ, ಇವ್ರು ತಪ್ಪು ಮಾಡಿಲ್ಲ. ಬಿಟ್ಟುಕೊಟ್ರೆ ಒಪ್ಕೊಂಡ ಹಂಗಾಗಲ್ವಾ?" ಎಂದಳು.

"ಬಿಟ್ಟುಕೊಟ್ರೆ ಯಾರೂ ಕೇಳಲ್ಲ ಕಣಮ್ಮ. ಕೇಳದಿದ್ಮೇಲೆ ಒಪ್ಕೊಳ್ಳೋದು ಎಲ್ಲಿಂದ ಬಂತು? ಒಂದು ವರ್ಷ ಸುಮ್ನಿರಿ. ಆಮೇಲೆ ನಾನೇ ಹೋಗಿ ಇಸ್ಕೊಂಡು ಬರ್ತೀನಿ."

ಅಯ್ಯೋ, ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ತಮ್ಮ ಎರಡು ದಿನ ತಡೆದ. ಮೂರನೇ ದಿನ ನಾನು ಊಟ ಬಿಟ್ಟು ಕೂತೆ. ಅಪ್ಪ ಸತ್ತ ಮೇಲೆ ಅವನನ್ನು ಓದಿಸಿದವನು ನಾನು, ಆ ಋಣ ಅವನಿಗೆ ಭಾರ. ಗೋಡೆಯ ಮೇಲಿದ್ದ ಸರ್ಟಿಫಿಕೇಟನ್ನು ಇಳಿಸಿ, ಗಾಜು ಬಿಚ್ಚಿ, ಕಾಗದವನ್ನು ನನ್ನ ಕೈಗೆ ಕೊಟ್ಟ. 'ಇನ್ನು ವೈದ್ಯ ವೃತ್ತಿ ಮಾಡುವುದಿಲ್ಲ, ಆದ್ದರಿಂದ ದೂರನ್ನು ಇಲ್ಲಿಗೇ ಮುಗಿಸಬೇಕು' ಎಂದು ನಾನು ಹೇಳಿದ ಹಾಗೆ ಬರೆದು ಸಹಿ ಹಾಕಿದ. ರಿಜಿಸ್ಟರ್ ಪೋಸ್ಟಿನಲ್ಲಿ ನಾನೇ ಕಳಿಸಿದೆ.

ಕ್ಲಿನಿಕ್ಕು ಮುಚ್ಚಿತು. ಬಂದವರಿಗೆಲ್ಲ ತಮ್ಮ ಕೈಮುಗಿದು ಕೋಲಾರದ ದಾರಿ ತೋರಿಸುತ್ತಿದ್ದ. ನನ್ನ ಮಂಡಿಯಲ್ಲಿ ಕೂತು ಬಾದಾಮಿ ಬೇರೆ, ರಸಪುರಿ ಬೇರೆ ಆರಿಸುತ್ತಿದ್ದ. ಎಂ.ಬಿ.ಬಿ.ಎಸ್. ಓದಿದ ಕೈ ಅದು. ದಿನಾ ಸಂಜೆ ಒಂದೇ ಪ್ರಶ್ನೆ ಕೇಳುತ್ತಿದ್ದ. "ಅಣ್ಣ, ಮಂಡಳಿಯಿಂದ ಏನಾದ್ರೂ ಬಂತಾ?"

ಎರಡು ತಿಂಗಳಿಗೆ ಬಂತು. ತಮ್ಮ ಮಾಲೂರಿಗೆ ಹೆಂಡತಿಯ ತವರಿಗೆ ಹೋಗಿದ್ದ.

"ಡಾಕ್ಟ್ರಿಗೆ ರಿಜಿಸ್ಟರ್ ಬಂದೈತೆ ಯಜಮಾನ್ರೇ," ಅಂದ ಪೋಸ್ಟ್‌ಮ್ಯಾನು.

ಲಕೋಟೆಯ ಮೇಲೆ ಮಂಡಳಿಯ ಮುದ್ರೆ. ನನಗೆ ಮೈ ಉರಿಯಿತು. ಒಪ್ಪಿಸಿದ ಮೇಲೂ ಕರೆಯುತ್ತಾರಲ್ಲ, ಇವರಿಗೆ ರೀತಿ ನೀತಿ ಬೇಡವೇ? ಇದನ್ನು ತೆಗೆದುಕೊಂಡರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ ಅನ್ನಿಸಿತು.

"ವಾಪಸ್ ಕಳ್ಸು."

"ಡಾಕ್ಟ್ರು ಬರ್ಲಿ, ಅವ್ರನ್ನ ಒಂದು ಮಾತು ಕೇಳಿ..."

"ಈ ಮನೇಗೆ ಯಜಮಾನ ಯಾರಯ್ಯ? ಬೇಡ ಅಂದ್ರು ಅಂತ ಬರಿ. ಕೊಡಿಲ್ಲಿ, ಸೈನೂ ಹಾಕ್ತೀನಿ. ನಾನೇನು ಕದ್ದು ಮಾಡ್ತಿದ್ದೀನಾ?"

ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದೆ. ತಿಂಗಳು ಬಿಟ್ಟು ಇನ್ನೊಂದು ಬಂತು. ತಮ್ಮ ಊಟಕ್ಕೆ ಹೋಗಿದ್ದಾಗ ಪೋಸ್ಟ್‌ಮ್ಯಾನು ಮಂಡಿಗೇ ತಂದುಕೊಟ್ಟ, ಅದನ್ನೂ ಹಾಗೇ ಕಳಿಸಿದೆ. ಅವತ್ತು ಸಂಜೆಯೂ ತಮ್ಮ ಕೇಳಿದ. "ಇಲ್ಲ ಕಣೋ, ಮುಗೀತು ಅಂದ್ನಲ್ಲ," ಎಂದೆ. ಕದ್ದು ಮಾಡಲಿಲ್ಲ ಅಂದವನು ಅಲ್ಲಿಗೆ ಕಳ್ಳನೂ ಆದೆ.

ಎಂಬತ್ತರ ಜನವರಿಯಲ್ಲಿ ಮೂರನೆಯದು ಮಾಮೂಲಿ ಅಂಚೆಯಲ್ಲಿ ಬಂದು ನೇರ ತಮ್ಮನ ಕೈಗೇ ಬಿತ್ತು. ಅವನು ನಿಂತಲ್ಲೇ ಓದಿದ. ಸರ್ಟಿಫಿಕೇಟು ಹಿಂದಿರುಗಿಸಿದ ಮಾತ್ರಕ್ಕೆ ವಿಚಾರಣೆ ನಿಲ್ಲುವುದಿಲ್ಲ. ಎರಡು ಸಲ ಕರೆದರೂ ಡಾಕ್ಟರು ಹಾಜರಾಗಲಿಲ್ಲ. ದೂರನ್ನು ಅಲ್ಲಗಳೆಯದೆ ವೃತ್ತಿಯನ್ನೇ ಬಿಟ್ಟಿದ್ದಾರೆ. ಆದ್ದರಿಂದ ಪರೀಕ್ಷೆ ಮಾಡದೆ ಮದ್ದು ಕೊಟ್ಟು ಸಾವಿಗೆ ಕಾರಣರಾದರೆಂದು ತೀರ್ಮಾನಿಸಿ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಗಿದೆ.

"ಸುಳ್ಳು ಬರ್ದಿದ್ದಾರೆ ಅಣ್ಣ," ಅಂದ. "ಒಂದು ಸಲಾನೂ ಕರೀಲಿಲ್ಲ. ಯಾವತ್ತು ಕರೀತಾರೆ ಅಂತ ನಾನು ಕಾಯ್ತಾನೇ ಇದ್ದೆ. ನಾಳೇನೇ ಹೋಗಿ ಕೇಳ್ತೀನಿ."

ಆಗಲೇ ಹೇಳಬೇಕಿತ್ತು. "ನಾನೂ ಬರ್ತೀನಿ," ಅಂದೆನೇ ಹೊರತು ಬೇರೆ ಮಾತು ಹೊರಡಲಿಲ್ಲ. ಬೆಳಗಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ದಾರಿಯುದ್ದಕ್ಕೂ ಅವನು ಏನು ಹೇಳಬೇಕೆಂದು ನನಗೇ ಒಪ್ಪಿಸುತ್ತಿದ್ದ. ಆದಿಲಕ್ಷ್ಮಿ ಬಂದದ್ದು ಎಷ್ಟು ಗಂಟೆಗೆ, ಟೆಸ್ಟ್ ಹಾಕಿದ್ದು ಎಷ್ಟಕ್ಕೆ, ಕೈ ನೋಡಿದ್ದು ಎಷ್ಟಕ್ಕೆ, ಎಲ್ಲ. ಆ ಹೆಂಗಸು ಕಾಯುತ್ತಾ ಕೂತಾಗ ತೆಲುಗಿನಲ್ಲಿ ತನ್ನ ಮಗಳ ಮದುವೆ ವಿಷಯ ಹೇಳುತ್ತಿದ್ದಳಂತೆ.

ಮಂಡಳಿಯ ಗುಮಾಸ್ತರು ಒಳ್ಳೆಯವರು. ಕೂರಿಸಿ, ತಮ್ಮ ಹೇಳಿದ್ದನ್ನೆಲ್ಲ ಕೇಳಿ, ಫೈಲು ತಂದು ಬಿಚ್ಚಿದರು. ವಾಪಸ್ ಬಂದ ಎರಡು ಲಕೋಟೆಗಳನ್ನು ಮೇಜಿನ ಮೇಲಿಟ್ಟರು. 'ತೆಗೆದುಕೊಳ್ಳಲು ನಿರಾಕರಿಸಿದರು' ಎಂಬ ಬರಹದ ಕೆಳಗೆ ಎರಡರಲ್ಲೂ ನನ್ನ ಸಹಿ.

ತಮ್ಮ ಆ ಸಹಿಯನ್ನು ನೋಡಿದ. ಶಾಲೆಯ ಕಾಲದಿಂದ ಅವನ ಮಾರ್ಕ್ಸ್ ಕಾರ್ಡಿಗೆಲ್ಲ ಬಿದ್ದಿದ್ದು ಅದೇ ಸಹಿ.

"ಯಾರು ಸಾರ್ ಈ ಚನ್ನರಾಯಪ್ಪ?" ಎಂದರು ಗುಮಾಸ್ತರು. "ನಿಮಗೆ ಗೊತ್ತಿಲ್ಲದ ಹಾಗೆ ಇವರು ವಾಪಸ್ ಮಾಡಿದ್ರೆ ಇನ್ನೂ ದಾರಿ ಇದೆ. ನೀವೊಂದು ಅರ್ಜಿ ಕೊಡಿ. ನಾನೇ ಮುಚ್ಚಿಟ್ಟೆ ಅಂತ ಅವರೂ ಬರೆದು ಸಹಿ ಹಾಕ್ಲಿ. ಮಂಡಳಿ ಇನ್ನೊಂದು ಸಲ ವಿಚಾರಣೆ ಮಾಡಬಹುದು."

ನಾನು ಅಲ್ಲೇ, ಕುರ್ಚಿಯ ಪಕ್ಕದಲ್ಲೇ ನಿಂತಿದ್ದೆ. 'ನಾನೇ ಸ್ವಾಮಿ' ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅದು ಬರಹದಲ್ಲಿ ಹೋಗುತ್ತದೆ. ಒಡಹುಟ್ಟಿದ ತಮ್ಮನ ಕಾಗದ ಮುಚ್ಚಿಟ್ಟವನು ಎಂದು ಎಂಟು ಊರಿಗೆ ಗೊತ್ತಾಗುತ್ತದೆ. ನಾಳೆ ಪಂಚಾಯಿತಿಯಲ್ಲಿ ನನ್ನ ಮಾತನ್ನು ಯಾರು ಕೇಳುತ್ತಾರೆ? ಥೂ, ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ನೆಲ ನೋಡಿಕೊಂಡು ನಿಂತೆ.

ತಮ್ಮ ನನ್ನ ಕಡೆ ತಿರುಗಿದ. ಬಹಳ ಹೊತ್ತು ನೋಡಿದ. ಗುಮಾಸ್ತರೂ ಪೆನ್ನು ಹಿಡಿದುಕೊಂಡು ಕಾದರು.

"ಇವ್ರು ನಮ್ಮಣ್ಣ," ಅಂದ ಕೊನೆಗೆ. "ವಾಪಸ್ ಕಳ್ಸು ಅಂತ ನಾನೇ ಹೇಳಿದ್ದೆ. ಮರ್ತುಹೋಗಿತ್ತು."

"ಹಾಗಾದ್ರೆ ಏನೂ ಮಾಡೋಕಾಗಲ್ಲ ಸಾರ್," ಎಂದು ಅವರು ಫೈಲು ಕಟ್ಟಿದರು.

ವಾಪಸ್ ಬರುವಾಗ ಬಸ್ಸು ಹೊಸಕೋಟೆ ದಾಟಿತು. ಆಮೇಲೆ ನನಗೆ ತಡೆಯಲಾಗಲಿಲ್ಲ. ಜನ ನೋಡುತ್ತಿದ್ದಾರೆ ಎನ್ನುವುದೂ ಇಲ್ಲದೆ ಅತ್ತುಬಿಟ್ಟೆ.

"ನರಸಿಂಹ, ನಾಳೆ ಮತ್ತೆ ಹೋಗೋಣ ಕಣಪ್ಪ. ನಾನೇ ಬರ್ದುಕೊಡ್ತೀನಿ. ಎಂಟು ಊರಲ್ಲ, ಲೋಕಕ್ಕೇ ಗೊತ್ತಾಗ್ಲಿ."

"ನಾಳೆ ನಿನ್ನ ಮಾತು ಯಾರು ನಂಬ್ತಾರೆ ಅಣ್ಣ? ನಾನೇ ಕಳ್ಸಿದ್ದು ಅಂತ ಬಾಯಿಬಿಟ್ಟು ಹೇಳಿ ಬಂದಿದ್ದೀನಲ್ಲ," ಅಂದ. ಅವನ ದನಿಯಲ್ಲಿ ಕೋಪವೂ ಇರಲಿಲ್ಲ. "ನೀನು ಹೇಳ್ತೀಯ ಅಂತ ಅಲ್ಲಿ ಎಷ್ಟು ಹೊತ್ತು ಕಾದೆ."