ಹಬ್ಬದ ದಿನ ಬಾಗಿಲು ಹಾಕಿಕೊಂಡು

ಕ್ರಿಸ್‌ಮಸ್‌ಗೆ ಮುಂಚಿನ ಮೂರು ವಾರ ಊರಿನವರೆಲ್ಲರ ಪ್ರೀತಿ ನನ್ನ ಕೈ ಮೂಲಕ ಹಾದುಹೋಗುತ್ತದೆ. ಪಾರ್ಸೆಲ್ ಗೋದಾಮಿನಲ್ಲಿ ಡಬ್ಬಿ ವಿಂಗಡಿಸುವುದು ನನ್ನ ಕೆಲಸ. ರಟ್ಟು ಉಜ್ಜಿ ಉಜ್ಜಿ ಬೆರಳ ತುದಿ ಸೀಳಿರುತ್ತದೆ. ಹೆಂಡತಿ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಡಿಸೆಂಬರಿನಲ್ಲಿ ಅವಳು ನಿದ್ದೆಯಲ್ಲೂ ಅಂಗೈಯಿಂದ ಹೊದಿಕೆಯ ಸುಕ್ಕು ತೆಗೆಯುತ್ತಿರುತ್ತಾಳೆ.

ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದು ಹಬ್ಬದ ಆ ಒಂದು ದಿನ ಮಾತ್ರ. ಮದುವೆಯಾದ ಒಂಬತ್ತು ವರ್ಷದಲ್ಲಿ ಅದು ಒಮ್ಮೆಯೂ ನಮ್ಮದಾಗಿರಲಿಲ್ಲ. ಚರ್ಚಿನಿಂದ ನೇರ ಅಮ್ಮನ ಮನೆ. ಅಲ್ಲಿ ಊಟಕ್ಕೆ ಮುಂಚೆ ಒಬ್ಬೊಬ್ಬರೂ ಎದ್ದು ನಿಂತು ಆ ವರ್ಷ ದೇವರು ಮಾಡಿದ ಒಂದು ಉಪಕಾರವನ್ನು ಹೇಳಬೇಕು. ಹಿಂದಿನ ವರ್ಷ ಹೇಳಿದ್ದನ್ನೇ ಹೇಳಿದರೆ ಅಮ್ಮ ಕೂರಲು ಬಿಡುವುದಿಲ್ಲ. ಆಮೇಲೆ ಅಮ್ಮ ಕಟ್ಟಿಕೊಟ್ಟ ಕೇಕಿನ ಡಬ್ಬಿ ಹಿಡಿದು, ಎರಡು ಬಸ್ಸು ಬದಲಿಸಿ, ಹೆಂಡತಿಯ ಅಕ್ಕನ ಮನೆ. ಅಲ್ಲಿ ಎಲ್ಲರೂ ಕೆಂಪು ಸ್ವೆಟರ್ ಹಾಕಿಕೊಂಡು ಮೆಟ್ಟಿಲ ಮೇಲೆ ವಯಸ್ಸಿನ ಪ್ರಕಾರ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಮತ್ತೆ ಊಟ ಮಾಡಬೇಕು. ನನ್ನದು ಷಡ್ಡಕನ ಹಳೆಯ ಸ್ವೆಟರ್. ಅದರ ತೋಳಿನೊಳಗೆ ನನ್ನ ಕೈಗಳು ಕಾಣುವುದಿಲ್ಲ.

ಇವರಲ್ಲಿ ಯಾರೂ ಕೆಟ್ಟವರಲ್ಲ. ಕಷ್ಟವಿರುವುದೇ ಅಲ್ಲಿ.

ಈ ಸಲ ಅವಳು, "ಎಲ್ಲೂ ಬೇಡ. ಬಾಗಿಲು ಹಾಕ್ಕೊಂಡು ಮಲ್ಕೊಳ್ಳೋಣ. ಸುಸ್ತಾಗಿದೆ ಅಂತ ನಿಮ್ಮಮ್ಮನಿಗೆ ಹೇಳಿಬಿಡು," ಅಂದಳು. ಫೋನ್ ಮಾಡಿದೆ. ಅಮ್ಮ "ಹಲೋ" ಅಂದದ್ದೇ ತಡ, ನನ್ನ ಬಾಯಿಂದ ಬೇರೆಯೇ ಮಾತು ಹೊರಟಿತು: "ಈ ಸಲ ಬೆಳಿಗ್ಗೆಯಿಂದಲೇ ಇವಳ ಅಕ್ಕನ ಮನೇಲಿ ಇರ್ತೀವಮ್ಮ."

ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಆಮೇಲೆ ಅಕ್ಕನಿಗೆ ಫೋನ್ ಮಾಡಿ, ದಿನವಿಡೀ ಅತ್ತೆ ಮನೆಯಲ್ಲಿ ಇರುತ್ತೇವೆಂದಳು.

"ನೀನೂನಾ?" ಅಂದೆ.

"ಗಂಡನಿಗೆ ತಕ್ಕ ಹೆಂಡ್ತಿ," ಅಂದಳು.

ಕೇಕಿನ ಡಬ್ಬಿಯನ್ನು ಇಬ್ಬರೂ ಮರೆತಿದ್ದೆವು. ಒಂಬತ್ತು ವರ್ಷ ಹೊತ್ತವರು ನಾವೇ. ನಾವು ಬರದಿದ್ದರೆ ಅಮ್ಮ ತಾನೇ ಹೊತ್ತುಕೊಂಡು ಹೋಗಬಹುದೆಂದು ಹೊಳೆಯಲೇ ಇಲ್ಲ.

ಹಬ್ಬದ ದಿನ ಹನ್ನೆರಡು ಗಂಟೆಗೆ ಪರದೆ ಎಳೆದುಕೊಂಡು ಮಲಗಿದ್ದೆವು. ಬೆಲ್ ಆಯಿತು. ಅಲ್ಲಾಡದೆ ಮಲಗಿದೆವು. ಮತ್ತೆ ಆಯಿತು.

"ಒಳಗೆ ಇದ್ದಾರೆ ಕಣಮ್ಮಾ, ಚಪ್ಪಲಿ ಇಲ್ಲೇ ಇದೆ," ಹೊರಗಿನಿಂದ ಅಕ್ಕನ ದನಿ. "ಏನಾದ್ರೂ ಆಗಿದ್ಯೋ ಏನೋ..." ಅನ್ನುವುದು ಅಮ್ಮನ ದನಿ.

ಬಾಗಿಲು ತೆರೆದವಳು ಹೆಂಡತಿ. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆಯಿತ್ತು. ಏನನ್ನೂ ಕೇಳಬೇಕಾಗಿರಲಿಲ್ಲ.

"ಸರಿ ಹೋಯ್ತು," ಅಂದಳು ಅಕ್ಕ. "ಇವರಮ್ಮ ಡಬ್ಬಿ ಹೊತ್ಕೊಂಡು ನಮ್ಮನೆಗೆ ಬಂದು, ಮಗ ಎಲ್ಲಿ ಅಂತ ನನ್ನ ಕೇಳ್ತಾರೆ. ನಿಮ್ಮನೇಲಿ ತಾನೇ ಅಂತ ನಾನು ಅವರನ್ನ ಕೇಳ್ತೀನಿ. ಎದೆ ಒಡೆದು ಹೋಯ್ತು. ಫೋನ್ ಬೇರೆ ಆಫ್!"

"ಮಲಗಿದ್ವಿ ಅಕ್ಕಾ," ಅಂದಳು ಹೆಂಡತಿ.

"ಮಲಗೋಕೆ ಸುಳ್ಳು ಹೇಳ್ಬೇಕೇನೇ?"

ಅಮ್ಮ ಚಪ್ಪಲಿಯನ್ನೂ ಬಿಡದೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡಿದಳು. ಅವಳ ಮೌನ ನನಗೆ ಚಿಕ್ಕಂದಿನಿಂದ ಗೊತ್ತು. ಆ ಮೌನವನ್ನು ತುಂಬಲು ನಾನು ಎಷ್ಟೋ ಸಲ ಬೇಡದ ಮಾತಿಗೆಲ್ಲ ಹೂಂ ಅಂದಿದ್ದೇನೆ.

"ಸುಸ್ತಾಗಿತ್ತಮ್ಮ."

"ಹೇಳೋಕೇನು, ಬಾಯಿ ಬಿದ್ದುಹೋಗಿತ್ತಾ?"

"ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ."

"ಈಗ ಕುಣಿದಾಡ್ತಾ ಇದೀನಾ?"

ಅಕ್ಕ ನಗಲು ಹೋಗಿ ಸುಮ್ಮನಾದಳು.

"ನಿನ್ನೆ ಮಧ್ಯಾಹ್ನದಿಂದ ಆ ಕೇಕಿಗೇ ಅಂತ ಒಲೆ ಮುಂದೆ ನಿಂತಿದ್ದೆ," ಅಂದಳು ಅಮ್ಮ. "ನನಗೂ ಸೊಂಟ ಅನ್ನೋದು ಇದೆ. ನೀವು ಬರ್ತೀರಿ ಅಂತ ಪ್ರತಿ ವರ್ಷ ಮಾಡ್ತಿದ್ದೆ. ನೀವು ನಾನು ಕರೀತೀನಿ ಅಂತ ಬರ್ತಿದ್ರಾ?"

ಅಮ್ಮ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಮುಂದಿನ ವರ್ಷ ಏನು? ಈಗಲೇ ಹೇಳು. ಅವಳ ಮುಖ ನೋಡ್ಬೇಡ, ನನ್ನ ನೋಡಿ ಹೇಳು."

ನಾನು ಹೆಂಡತಿಯ ಕಡೆ ತಿರುಗಿದ್ದೆನೆಂದು ಗೊತ್ತಾದದ್ದು ಆಗಲೇ. ಅವಳು ಗೋಡೆ ನೋಡುತ್ತಿದ್ದಳು, ಬೇಕೆಂದೇ. ಪಕ್ಕದ ಮನೆಯಲ್ಲಿ ಯಾರೋ ತಟ್ಟೆ ಜೋಡಿಸುವ ಸದ್ದು ಕೇಳಿಸುತ್ತಿತ್ತು.

"ಹಬ್ಬದ ದಿನ ಬರಲ್ಲಮ್ಮ," ಅಂದೆ. "ಹಬ್ಬ ಆದ್ಮೇಲಿನ ಭಾನುವಾರ ಬರ್ತೀವಿ. ಇಬ್ಬರೂ."

ಅಮ್ಮ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

"ಊಟ ಮಾಡ್ಕೊಂಡು ಹೋಗಿ ಅತ್ತೆ. ಬ್ರೆಡ್ಡಿದೆ, ಮೊಟ್ಟೆಯಿದೆ," ಅಂದಳು ಹೆಂಡತಿ.

"ಹಬ್ಬದ ದಿನ ಮೊಟ್ಟೆ," ಅಂದಳು ಅಮ್ಮ. ಅದು ತಮಾಷೆಯೋ ಸಿಟ್ಟೋ ತಿಳಿಯಲಿಲ್ಲ. "ಬೇಡಮ್ಮ. ಇವಳ ಮನೇಲಿ ಎಲ್ಲಾ ಕಾಯ್ತಾ ಇದಾರೆ. ಮೆಟ್ಟಿಲ ಮೇಲೆ ನಿಲ್ಬೇಕಂತೆ ನಾನು, ಎಲ್ಲರಿಗಿಂತ ಮೇಲೆ."

ಅಕ್ಕ ಅವಳ ತೋಳು ಹಿಡಿದುಕೊಂಡಳು. ಇಬ್ಬರೂ ಮೆಲ್ಲಗೆ ಇಳಿದುಹೋದರು. ಅಮ್ಮ ತಿರುಗಿ ನೋಡಲಿಲ್ಲ. ಸಿಟ್ಟಿನಿಂದಿರಬಹುದು, ಅಥವಾ ಮೆಟ್ಟಿಲು ನೋಡಿಕೊಂಡು ಇಳಿಯಬೇಕಾದ ವಯಸ್ಸಾದದ್ದರಿಂದಲೂ ಇರಬಹುದು.

ಬಾಗಿಲು ಹಾಕಿ ಮತ್ತೆ ಮಲಗಿದೆವು. ಹೇಳಿದ್ದು ಸರಿಯಾಯಿತಾ ಎಂದು ಕೇಳಬೇಕೆಂದು ಮಗ್ಗುಲಾದೆ. ಅಷ್ಟರಲ್ಲೇ ಹೆಂಡತಿ ನಿದ್ದೆ ಹೋಗಿದ್ದಳು. ಅವಳ ಅಂಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನಗೆ ಮಾತ್ರ ಸಂಜೆಯವರೆಗೂ ಕಣ್ಣು ಹತ್ತಲಿಲ್ಲ.